ಕುರ್ನಿಕೋವಾ ಏನೂ ಗೆಲ್ಲಲಿಲ್ಲವೆ?



ಈ ಸಲದ ಉಪನ್ಯಾಸ ಮಾಲೆಯಲ್ಲಿ ಕ್ರೀಡೆಗೂ ಒಂದು ಸಂಜೆ ಇರಲಿ ಎಂದು ಸಂಘದವರು ಕೇಳಿದಾಗ ನಾನು ರಷ್ಯಾದ ಟೆನಿಸ್ ಆಟಗಾರ್ತಿ ಅನ್ನಾ ಕುರ್ನಿಕೋವಾ ಹೆಸರು ಹೇಳಿದೆ. ಕಾರ್ಯದರ್ಶಿಗಳು ನಕ್ಕರು. "ಅಲ್ಲ ಸಾರ್, ಆಕೆ ಗೆದ್ದಿದ್ದಾದರೂ ಏನು?" ಅಂದರು. ತಪ್ಪೇನಿಲ್ಲ, ಊರೆಲ್ಲ ಕೇಳುವ ಪ್ರಶ್ನೆಯೇ ಅದು. ಇವತ್ತಿನ ನನ್ನ ಜಗಳವೂ ಅದರ ಜೊತೆಗೇ.

ಮೊದಲು ಲೆಕ್ಕ ಒಪ್ಪಿಸುತ್ತೇನೆ. 16 ಡಬಲ್ಸ್ ಪ್ರಶಸ್ತಿಗಳು. ಅವುಗಳಲ್ಲಿ ಎರಡು ಗ್ರ್ಯಾಂಡ್ ಸ್ಲಾಮ್: 1999 ಮತ್ತು 2002ರ ಆಸ್ಟ್ರೇಲಿಯಾ ಓಪನ್, ಎರಡೂ ಸಲ ಮಾರ್ಟಿನಾ ಹಿಂಗಿಸ್ ಜೊತೆ. 1999ರ ನವೆಂಬರಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. 2000ದ ನವೆಂಬರಿನಲ್ಲಿ ಸಿಂಗಲ್ಸ್‌ನಲ್ಲಿ ಎಂಟನೇ ಸ್ಥಾನ. 1997ರಲ್ಲಿ ವಿಂಬಲ್ಡನ್‌ಗೆ ಕಾಲಿಟ್ಟ ಮೊದಲ ವರ್ಷವೇ ಸೆಮಿಫೈನಲ್, ಆಗ ಆಕೆಗೆ ಹದಿನಾರು. ಸಿಂಗಲ್ಸ್‌ನಲ್ಲಿ ನಾಲ್ಕು ಫೈನಲ್ ಆಡಿ ನಾಲ್ಕನ್ನೂ ಸೋತರು. ಜಗತ್ತು ಈ ಕೊನೆಯ ಸಾಲನ್ನಷ್ಟೇ ಬಾಯಿಪಾಠ ಮಾಡಿಕೊಂಡಿತು. ಪೋಕರ್ ಆಡುವವರು ಎಕ್ಕ ಮತ್ತು ರಾಜ ಜೊತೆಯಾಗಿ ಕೈಗೆ ಬಂದರೆ ಅದನ್ನು 'ಅನ್ನಾ ಕುರ್ನಿಕೋವಾ' ಎಂದು ಕರೆಯತೊಡಗಿದರು. ನೋಡೋಕೆ ಚೆಂದ, ಗೆಲ್ಲೋದು ಅಪರೂಪ ಅಂತ.

ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. 1981ರಲ್ಲಿ ಮಾಸ್ಕೋದಲ್ಲಿ ಜನನ. ಸ್ಪಾರ್ಟಕ್ ಕ್ಲಬ್ಬಿನಲ್ಲಿ ಲಾರಿಸಾ ಪ್ರೆಒಬ್ರಝೆನ್‌ಸ್ಕಾಯಾ ಅವರ ಕೈಕೆಳಗೆ ಮೊದಲ ಪಾಠ. ಸೋವಿಯತ್ ಒಕ್ಕೂಟ ಒಡೆದ ಹೊತ್ತಿಗೆ ಹುಡುಗಿ ಫ್ಲಾರಿಡಾದಲ್ಲಿ, ನಿಕ್ ಬೊಲೆಟೆರಿ ಅವರ ಅಕಾಡೆಮಿಯಲ್ಲಿ. ಅದಕ್ಕೂ ಸ್ವಲ್ಪ ಮುಂಚಿನವರೆಗೆ ಸೋವಿಯತ್ ಆಟಗಾರ್ತಿ ಗೆದ್ದ ಬಹುಮಾನದ ಹಣ ಸರ್ಕಾರಿ ಕ್ರೀಡಾ ವ್ಯವಸ್ಥೆಗೆ ಸೇರುತ್ತಿತ್ತು. ಅದರ ವಿರುದ್ಧ 1989ರಲ್ಲಿ ಬಹಿರಂಗವಾಗಿ ದನಿ ಎತ್ತಿದವರು ಮಿನ್ಸ್ಕ್‌ನ ನತಾಶಾ ಜ್ವೆರೆವಾ. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಈಗ ನನ್ನ ಮೆಚ್ಚಿನ ಸಂಗತಿಗೆ ಬರುತ್ತೇನೆ. 1999ರ ಜನವರಿ, ಮೆಲ್ಬರ್ನ್. ಸಿಂಗಲ್ಸ್ ಎರಡನೇ ಸುತ್ತಿನಲ್ಲಿ ಎದುರಾಳಿ ಜಪಾನಿನ ಮಿಹೊ ಸಾಯೆಕಿ. ಆ ಒಂದೇ ಪಂದ್ಯದಲ್ಲಿ ಕುರ್ನಿಕೋವಾ 31 ಡಬಲ್ ಫಾಲ್ಟ್ ಮಾಡಿದರು, ಅಂದರೆ 31 ಸಲ ಎರಡೂ ಸರ್ವ್ ತಪ್ಪಿ ಪಾಯಿಂಟ್ ಬಿಟ್ಟುಕೊಟ್ಟರು. ನಾಲ್ಕು ಪಾಯಿಂಟಿಗೆ ಒಂದು ಗೇಮ್ ಎಂದು ಹಿಡಿದರೆ, ಎದುರಾಳಿ ರ‍್ಯಾಕೆಟ್ ಎತ್ತುವ ಮೊದಲೇ ಸುಮಾರು ಎಂಟು ಗೇಮ್ ದಾನ ಕೊಟ್ಟಂತೆ. ಇದನ್ನು ಎಲ್ಲರೂ ಬರೆದಿದ್ದಾರೆ. ಆದರೆ ಸ್ಕೋರ್ ನೋಡಿ: 1-6, 6-4, 10-8. ಪಂದ್ಯ ಗೆದ್ದವರು ಕುರ್ನಿಕೋವಾ! ಕೂಡಿ ನೋಡಿ, ಸಾಯೆಕಿ ಗೆದ್ದಿದ್ದು 18 ಗೇಮ್, ಕುರ್ನಿಕೋವಾ ಗೆದ್ದಿದ್ದು 17. ಸರ್ವ್ ಪೂರ್ತಿ ಕೈಕೊಟ್ಟ ದಿನ, ಒಂದು ಗೇಮ್ ಕಡಿಮೆ ಪಡೆದೂ ಪಂದ್ಯವನ್ನು ಕಿತ್ತುಕೊಂಡಿದ್ದಾರೆ. ಚೆಂದದ ಬೊಂಬೆ ಮಾಡುವ ಕೆಲಸ ಅಲ್ಲ ಇದು.

ಅದೇ ಟೂರ್ನಿಯ ಕೊನೆಗೆ, ಅದೇ ಕೈ ಡಬಲ್ಸ್ ಪ್ರಶಸ್ತಿ ಎತ್ತಿತು. ಫೈನಲ್ ಸ್ಕೋರ್ 7-5, 6-3. ನೆಟ್‌ನ ಆಚೆ ಇದ್ದವರು ಲಿಂಡ್ಸೆ ಡೆವನ್‌ಪೋರ್ಟ್ ಮತ್ತು ನತಾಶಾ ಜ್ವೆರೆವಾ.

ಸರ್ವ್ ಮಾಡಲು ತಡವರಿಸುವವರು ಡಬಲ್ಸ್ ಹೇಗೆ ಗೆಲ್ಲುತ್ತಾರೆ? ಇದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಮೇಷ್ಟ್ರು. ಬೆಳಿಗ್ಗೆ ಕಾಲೇಜಿನಲ್ಲಿ ಹಳಗನ್ನಡ, ಸಂಜೆ ಬಿಳಿ ಚಡ್ಡಿ ತೊಟ್ಟು ಮಣ್ಣಿನ ಅಂಕಣದಲ್ಲಿ ಟೆನಿಸ್. ನಾವು ಬೇಲಿಯಾಚೆ ನಿಂತು ಚೆಂಡಿನ ಹಿಂದೆ ತಲೆ ತಿರುಗಿಸುತ್ತಿದ್ದರೆ ಬೈಯುತ್ತಿದ್ದರು. ಡಬಲ್ಸ್‌ನಲ್ಲಿ ಚೆಂಡು ಹೊಡೆಯುವವನನ್ನಲ್ಲ, ಹೊಡೆಯದೆ ನಿಂತವನನ್ನು ನೋಡಬೇಕು ಎನ್ನುತ್ತಿದ್ದರು. ಆಮೇಲೆ ನೋಡಲು ಕಲಿತೆ. ನೆಟ್ ಬಳಿ ನಿಂತ ಆಟಗಾರ ಅರ್ಧ ಹೆಜ್ಜೆ ಮಧ್ಯಕ್ಕೆ ಸರಿಯುತ್ತಾನೆ. ಎದುರಿನವನ ಕಣ್ಣಂಚಿಗೆ ಅದು ಬೀಳುತ್ತದೆ. ಅವನು ಕೊನೆಯ ಕ್ಷಣದಲ್ಲಿ ಮಣಿಕಟ್ಟು ತಿರುಗಿಸುತ್ತಾನೆ, ಚೆಂಡು ಗೆರೆಯಾಚೆ ಹೋಗುತ್ತದೆ. ನೆಟ್ ಬಳಿ ಇದ್ದವನು ಚೆಂಡು ಮುಟ್ಟಿಯೇ ಇಲ್ಲ, ಪಾಯಿಂಟ್ ಅವನದು.

ಸಿಂಗಲ್ಸ್‌ನಲ್ಲಿ ಎರಡು ಗೇಮಿಗೊಮ್ಮೆ ಸರ್ವ್ ಮಾಡಬೇಕು. ಡಬಲ್ಸ್‌ನಲ್ಲಿ ನಾಲ್ಕಕ್ಕೊಮ್ಮೆ ಸರದಿ. ಕುರ್ನಿಕೋವಾ ಅವರ ದೌರ್ಬಲ್ಯ ಅಲ್ಲಿ ಅರ್ಧಕ್ಕರ್ಧ ಕರಗಿ, ಚುರುಕು ಕಾಲು, ರಿಟರ್ನ್, ನೆಟ್ ಬಳಿಯ ವಾಲಿ ಮುಂದಕ್ಕೆ ಬರುತ್ತಿದ್ದವು. ಹಿಂದೆ ಹಿಂಗಿಸ್ ಜಾಗ ಹುಡುಕಿ ಚೆಂಡು ಇಡುತ್ತಿದ್ದರು, ಮುಂದೆ ಈಕೆ ಮುಗಿಸುತ್ತಿದ್ದರು.

ಇಲ್ಲಿ ನಮ್ಮ ಮನೆಯ ಮಾತು ಒಂದಿದೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಅದೇ ಮೆಲ್ಬರ್ನ್‌ನಲ್ಲಿ ಡಬಲ್ಸ್ ಗೆದ್ದು ನಂಬರ್ ಒನ್ ಆದಾಗ ನಾವೆಲ್ಲ ಎದೆಯುಬ್ಬಿಸಿದೆವು. ಉಬ್ಬಿಸಬೇಕಾದದ್ದೇ. ಬೋಪಣ್ಣ ಎಟಿಪಿ ಟೂರ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದವರಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ? 1999ರ ವಿಂಬಲ್ಡನ್ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ನಮ್ಮ ಲಿಯಾಂಡರ್ ಪೇಸ್, ಲಿಸಾ ರೇಮಂಡ್ ಗೆದ್ದಾಗಲೂ ಕುಣಿದೆವು. ಅಂದು ಸೋತ ಜೋಡಿ ಯಾವುದು ಗೊತ್ತೆ? ಯೋನಸ್ ಬ್ಯೋರ್ಕ್‌ಮನ್ ಮತ್ತು ಅನ್ನಾ ಕುರ್ನಿಕೋವಾ. ನಾವು ಗೆದ್ದಾಗ ಡಬಲ್ಸ್ ಕಿರೀಟ, ಆಕೆ ಗೆದ್ದರೆ ಲೆಕ್ಕಕ್ಕಿಲ್ಲ. ಇದು ಯಾವ ನ್ಯಾಯ? ಅದೂ ಆ ಕಾಲದ ಮಹಿಳಾ ಡಬಲ್ಸ್‌ನಲ್ಲಿ ಹಿಂಗಿಸ್, ಡೆವನ್‌ಪೋರ್ಟ್, ನೊವೊತ್ನಾ, ವಿಲಿಯಮ್ಸ್ ಸಹೋದರಿಯರು, ಅಂದರೆ ಸಿಂಗಲ್ಸ್‌ನ ಘಟಾನುಘಟಿಗಳೇ ಆಡುತ್ತಿದ್ದರು.

ನನ್ನ ಗೆಳೆಯರೊಬ್ಬರು ಈ ವಾದವನ್ನು ಒಪ್ಪುವುದಿಲ್ಲ. ಸಿಟ್ಟು ಡಬಲ್ಸ್ ಮೇಲಲ್ಲ, ಸಂಬಳದ ಮೇಲೆ ಎನ್ನುತ್ತಾರೆ. ಟೆನಿಸ್‌ನಿಂದ ಬಂದ ಬಹುಮಾನ ಸುಮಾರು 35 ಲಕ್ಷ ಡಾಲರ್, ಜಾಹೀರಾತಿನಿಂದ ಬಂದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ 2000ದ ಜೂನ್‌ನಲ್ಲಿ ಆಕೆಯನ್ನು ಮುಖಪುಟಕ್ಕೆ ಹಾಕಿತು. 2001ರ ಫೆಬ್ರುವರಿಯಲ್ಲಿ ಆಕೆಯ ಫೋಟೋ ಎಂದು ನಂಬಿಸಿ ಇಮೇಲ್‌ನಲ್ಲಿ ಹರಿದ ವೈರಸ್, ನೋಡುವ ಆಸೆಗೆ ಒತ್ತಿದವರ ಪರಿಚಯದವರಿಗೆಲ್ಲ ತಾನೇ ಹೋಯಿತು. ಅದೇ ವರ್ಷ ಆಕೆ ಕಾಲಿನ ಮೂಳೆ ಬಿರುಕಿನಿಂದ ಅಂಕಣದಿಂದಲೇ ದೂರವಾದರು. ಆಟ ನಿಂತರೂ ಚಿತ್ರ ಓಡುತ್ತಿತ್ತು. ಗೆಳೆಯರ ಮಾತಿನಲ್ಲಿ ಹುರುಳಿದೆ. ಆದರೆ ಆ ಹಣ ಕೊಟ್ಟವರು ಕಂಪನಿಯವರು, ಒತ್ತಿದವರು ನಾವು. ತಪ್ಪುಕಾಣಿಕೆ ಮಾತ್ರ ಆಕೆಯ ಕೈಯಿಂದ ಕಟ್ಟಿಸಿದೆವು.

2003ರಲ್ಲಿ, 22 ತುಂಬುವ ಮೊದಲೇ, ಬೆನ್ನಿನ ನೋವಿನಲ್ಲಿ ಟೂರ್ ಆಟ ಮುಗಿಯಿತು. ಮರುವರ್ಷ ರಷ್ಯಾದವರೇ ಆದ ಮಿಸ್ಕಿನಾ ಪ್ಯಾರಿಸ್, ಶರಪೋವಾ ವಿಂಬಲ್ಡನ್, ಕುಜ್ನೆತ್ಸೊವಾ ನ್ಯೂಯಾರ್ಕ್ ಗೆದ್ದರು. ಮಿಸ್ಕಿನಾ ಹುಟ್ಟಿದ್ದೂ 1981ರಲ್ಲೇ, ಕಲಿತದ್ದೂ ಸ್ಪಾರ್ಟಕ್‌ನಲ್ಲೇ.

ಇಲ್ಲಿ ಮತ್ತೆ ಮೇಷ್ಟ್ರು ನೆನಪಾಗುತ್ತಾರೆ. ಅವರು ರನ್ನನ ಗದಾಯುದ್ಧ ಪಾಠ ಮಾಡುವಾಗ ನಾವೆಲ್ಲ ದುರ್ಯೋಧನನ ಪಕ್ಷ. ಸಾಹಸಭೀಮವಿಜಯ ಎಂದು ಕವಿ ಹೆಸರಿಟ್ಟರೇನಂತೆ, ನಮ್ಮ ಕಣ್ಣು ಒದ್ದೆಯಾಗುತ್ತಿದ್ದದ್ದು ಸೋತವನಿಗೆ. ಒಂದು ದಿನ ಅವರು ಪುಸ್ತಕ ಮುಚ್ಚಿ, ಕೊಳಕ್ಕೆ ಇಳಿದ ದೊರೆಗೆ ಅಳುತ್ತೀರಲ್ಲ, ಅವನಿಗಾಗಿ ಸತ್ತ ಕಾಲಾಳಿನ ಹೆಸರು ಯಾರಿಗಾದರೂ ಬರುತ್ತದೆಯೇ ಎಂದು ಕೇಳಿದರು. ತರಗತಿ ತೆಪ್ಪಗಾಯಿತು.

ಆ ಪ್ರಶ್ನೆ ನನಗೆ ಇಂದು ಸಂಜೆ ಅಡ್ಡ ಬರುತ್ತಿದೆ. ನತಾಶಾ ಜ್ವೆರೆವಾ 18 ಗ್ರ್ಯಾಂಡ್ ಸ್ಲಾಮ್ ಮಹಿಳಾ ಡಬಲ್ಸ್ ಗೆದ್ದವರು. ಅವರು ಎತ್ತಿದ ದನಿಯ ಫಲ ಮುಂದಿನ ಹುಡುಗಿಯರೆಲ್ಲ ಉಂಡರು. ಡಬಲ್ಸ್‌ಗೆ ಮರ್ಯಾದೆ ಸಿಗಲಿ ಎನ್ನುವುದೇ ನನ್ನ ಹಟವಾಗಿದ್ದರೆ ಇವತ್ತಿನ ಉಪನ್ಯಾಸ ಅವರ ಮೇಲೆ ಇರಬೇಕಿತ್ತಲ್ಲವೆ? ಜ್ವೆರೆವಾ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ನಿಮ್ಮಲ್ಲಿ ಎಷ್ಟು ಜನ ಬರುತ್ತಿದ್ದಿರಿ? ಅದಿರಲಿ, ಸಂಘದವರು ಕೇಳಿದಾಗ ನನ್ನ ಬಾಯಿಗೆ ಮೊದಲು ಕುರ್ನಿಕೋವಾ ಹೆಸರೇ ಏಕೆ ಬಂತು? ನಾನು ಪರ ವಹಿಸುತ್ತಿರುವುದು ಆ ಆಟಕ್ಕೋ, ನಾನೇ ಬೇಡವೆನ್ನುವ ಆ ಖ್ಯಾತಿಗೋ?