ಹಳೆಯ ಟ್ರ್ಯಾಕ್ಟರಿಗೆ ಬಿಡಿಭಾಗಗಳ ಆಯ್ಕೆ



ಬೆಂಗಳೂರಿನ ಎಚ್‌ಎಂಟಿ ಸಂಸ್ಥೆಯು 1971ರಲ್ಲಿ ಜೆಕೊಸ್ಲೊವಾಕಿಯಾದ ತಾಂತ್ರಿಕ ಸಹಯೋಗದೊಂದಿಗೆ ಹರಿಯಾಣದ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಟ್ರ್ಯಾಕ್ಟರುಗಳ ತಯಾರಿಕೆಗೆ ತೊಡಗಿತು. 2016ರಲ್ಲಿ ಕೇಂದ್ರ ಸಂಪುಟವು ಈ ವಿಭಾಗವನ್ನು ಮುಚ್ಚಲು ಒಪ್ಪಿತು. ಆದರೆ ಕಾರ್ಖಾನೆ ಮುಚ್ಚಿತೆಂದು ಇಂತಹ ಟ್ರ್ಯಾಕ್ಟರನ್ನು ಗುಜರಿಗೆ ಹಾಕಬೇಕಾಗಿಲ್ಲ.

ಬೇರಿಂಗನ್ನೇ ನೋಡಿರಿ. ಅದರ ಮೇಲಿನ ಸಂಖ್ಯೆ ಎಲ್ಲ ತಯಾರಕರಿಗೂ ಒಂದೇ. 6205 ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. ಸಂಖ್ಯೆಯ ನಂತರದ ಅಕ್ಷರಗಳೂ ಹೊಂದಿದರೆ ಯಾವುದೇ ಉತ್ತಮ ಕಂಪನಿಯ ಬೇರಿಂಗ್ ಆದೀತು. ಆಯಿಲ್ ಸೀಲನ್ನು ಇದೇ ಮೂರು ಅಳತೆಗಳಿಂದ ಆರಿಸಬಹುದು.

ಅಂಗಡಿಗೆ ಹೋಗುವಾಗ ಟ್ರ್ಯಾಕ್ಟರಿನ ಮಾದರಿ, ಎಂಜಿನ್ ಮತ್ತು ಛಾಸಿ ಸಂಖ್ಯೆಗಳನ್ನು ಬರೆದುಕೊಂಡು, ಬಿಚ್ಚಿದ ಹಳೆಯ ಭಾಗವನ್ನೂ ಒಯ್ಯಿರಿ. ಕ್ರ್ಯಾಂಕ್‌ಶಾಫ್ಟನ್ನು 0.25 ಮಿ.ಮೀ. ಗ್ರೈಂಡ್ ಮಾಡಿಸಿದ್ದರೆ ಅಷ್ಟೇ ಅಂಡರ್‌ಸೈಜಿನ ಬೇರಿಂಗ್ ಕೊಳ್ಳಬೇಕು. ಸಡಿಲವಾದರೆ ಎಣ್ಣೆಯ ಒತ್ತಡ ಇಳಿದು ಶಾಫ್ಟೇ ಕೆಡುವುದು.

ಬಾನೆಟ್, ಮಡ್‌ಗಾರ್ಡುಗಳನ್ನು ಗುಜರಿಯಿಂದ ತರಬಹುದು. ಹೌಸಿಂಗ್ ತರುವುದಾದರೆ ಬಿರುಕು ಇದೆಯೇ ಎಂದು ಪರೀಕ್ಷಿಸಿರಿ. ಬ್ರೇಕ್ ಮತ್ತು ಸ್ಟೀರಿಂಗಿನ ಭಾಗಗಳನ್ನು ಮಾತ್ರ ಗುಜರಿಯಿಂದ ತರಲೇಬಾರದು. ಅಲ್ಲಿ ಉಳಿಸಿದ ಹಣಕ್ಕೆ ಜೀವವನ್ನೇ ತೆರಬೇಕಾದೀತು.

ಭಾಗದ ಸಂಖ್ಯೆ ನಮೂದಿಸಿದ ರಸೀದಿ ಪಡೆಯಿರಿ. ನಕಲಿ ಮಾಲು ಬಂದಲ್ಲಿ ಹಿಂದಿರುಗಿಸಲು ಅದೇ ಆಧಾರ. ಈ ದುರಸ್ತಿಯೆಲ್ಲ ಬೇಸಿಗೆಯಲ್ಲೇ ಮುಗಿಯಲಿ. ಮುಂಗಾರಿನ ಹದ ಬಿಡಿಭಾಗ ಸಿಗುವವರೆಗೆ ಕಾಯುವುದಿಲ್ಲ.