ಇಪ್ಪತ್ತೊಂದು ದಿನದ ಕಾವು

ಮೂವತ್ತು ವರ್ಷಕ್ಕೂ ಮಿಕ್ಕು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಕೋಳಿಮೊಟ್ಟೆಯನ್ನು ಕುರಿತು ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬಂದೀತು. ಹಕ್ಕಿಗೆ ಸಂಸ್ಕೃತದಲ್ಲಿ 'ದ್ವಿಜ'ವೆಂಬ ಹೆಸರುಂಟು. ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಇನ್ನೊಮ್ಮೆ ಹುಟ್ಟುವುದರಿಂದ ಆ ಹೆಸರು ಎಂದು ತರಗತಿಯಲ್ಲಿ ಎಷ್ಟೋ ಬಾರಿ ವಿವರಿಸಿದ್ದೇನೆ. ಆ ಎರಡನೆಯ ಹುಟ್ಟನ್ನು ಕಣ್ಣಾರೆ ಕಂಡದ್ದು ಮಾತ್ರ ಕಳೆದ ಚೈತ್ರದಲ್ಲಿ, ನನ್ನ ಅರವತ್ತೇಳನೆಯ ವಯಸ್ಸಿನಲ್ಲಿ.

ಹಾಗೆಂದು ಕೋಳಿ ನನಗೆ ಅಪರಿಚಿತವಲ್ಲ. ಹಾಸನದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಅಮ್ಮ ಕುಕ್ಕೆಗೆ ಹುಲ್ಲು ಹಾಸಿ ಹೇಂಟೆಯನ್ನು ಕಾವಿಗೆ ಕೂರಿಸುತ್ತಿದ್ದಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕುಕ್ಕೆಯೊಳಗೆ ಒಂದು ಕಬ್ಬಿಣದ ಚೂರು. ಮುಂದಿನದೆಲ್ಲ ರೆಕ್ಕೆಯ ಮರೆಯಲ್ಲಿ ನಡೆಯುತ್ತಿತ್ತು. ಒಂದು ಬೆಳಗ್ಗೆ ಪಿಳ್ಳೆಗಳ ಚಿಂವ್‌ಗುಟ್ಟುವ ಸದ್ದು ಕೇಳಿದಾಗಲೇ ನಮಗೆ ಗೊತ್ತಾಗುತ್ತಿದ್ದುದು.

ಈಗ ರೆಕ್ಕೆಯ ಬದಲು ಇನ್‌ಕ್ಯುಬೇಟರ್. ಹತ್ತು ವರ್ಷದ ಮೊಮ್ಮಗಳಿಗೆಂದು ಮಗ ತಂದ ಥರ್ಮಾಕೋಲಿನ ಆ ಪೆಟ್ಟಿಗೆಯಲ್ಲಿ ಶಾಖ ಕೊಡುವ ತಂತಿ, ಪುಟ್ಟ ಫ್ಯಾನು, ಉಷ್ಣತೆ ತೋರಿಸುವ ಕೆಂಪು ಅಂಕಿಗಳು, ಮೇಲೊಂದು ಗಾಜಿನ ಕಿಂಡಿ. ನಾನು ಅದನ್ನು ಕಾವುಪೆಟ್ಟಿಗೆ ಎಂದು ಕರೆದೆ. ಮೊದಲ ಅವಿವೇಕವೂ ನನ್ನದೇ. ಅಂಗಡಿಯಿಂದ ಎರಡು ಡಜನ್ ಮೊಟ್ಟೆ ತರಿಸೋಣವೆಂದೆ. ಹಿಂದಿನ ಬೀದಿಯಲ್ಲಿ ನಾಟಿಕೋಳಿ ಸಾಕಿರುವ ಹೆಂಗಸು ಇದನ್ನು ಕೇಳಿ, "ಹುಂಜನೇ ಇಲ್ಲದ ಕಡೆ ಇಟ್ಟ ಮೊಟ್ಟೆ ಮರಿಯಾಗೋದು ಹೆಂಗೆ ಮೇಷ್ಟ್ರೇ?" ಎಂದು ನಕ್ಕಳು. ಕೊನೆಗೆ ಆಕೆಯೇ ವಾರದೊಳಗಿನ 24 ಮೊಟ್ಟೆಗಳನ್ನು ಕೊಟ್ಟಳು. ತೊಳೆಯಬೇಡಿ ಎಂದಳು. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳುಲೇಪವೊಂದುಂಟು, ತೊಳೆದರೆ ಅದು ಹೋಗಿ ರೋಗಾಣುಗಳಿಗೆ ದಾರಿಯಾಗುತ್ತದೆಂದು ಆಮೇಲೆ ಓದಿ ತಿಳಿದೆ.

ಬೇಕಾದ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್. ನಮ್ಮ ಮೈಬಿಸಿಗಿಂತ ತುಸು ಹೆಚ್ಚು. ಉಷ್ಣಮಾಪಕವೇ ಇಲ್ಲದ ಕಾಲದಲ್ಲಿ ಈಜಿಪ್ಟಿನವರು ಮಣ್ಣಿನ ಇಟ್ಟಿಗೆಯ ಒಲೆಮನೆಗಳಲ್ಲಿ ಸಾವಿರಗಟ್ಟಲೆ ಮರಿ ಮಾಡಿಸುತ್ತಿದ್ದರು. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿಕೊಂಡೇ ಅವರು ಕಾವಿನ ಹದ ತಿಳಿಯುತ್ತಿದ್ದರಂತೆ. ಫ್ರಾನ್ಸಿನ ರೊಮ್ಯೂರ್ ಎಂಬ ವಿಜ್ಞಾನಿ ಅದೇ ವಿದ್ಯೆಯನ್ನು ಯೂರೋಪಿಗೆ ಒಗ್ಗಿಸಲು ಹೆಣಗಿ 1749ರಲ್ಲಿ ಒಂದು ಗ್ರಂಥವನ್ನೇ ಬರೆದ. ನಾನೂ ಒಮ್ಮೆ ಮೊಟ್ಟೆಯನ್ನು ರೆಪ್ಪೆಗೆ ಒತ್ತಿ ನೋಡಿದೆ. ಬೆಚ್ಚಗಿತ್ತು ಎಂಬುದಕ್ಕಿಂತ ಹೆಚ್ಚಿನದೇನೂ ತಿಳಿಯಲಿಲ್ಲ.

ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಸೊನ್ನೆ, ಇನ್ನೊಂದಕ್ಕೆ ಕತ್ತರಿಗುರುತು ಹಾಕಿ ದಿನಕ್ಕೆ ಮೂರು ಸಲ ಮಗ್ಗುಲು ಬದಲಿಸಿದೆವು. ಹೊರಳಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ಏಳನೆಯ ರಾತ್ರಿ ದೀಪವಾರಿಸಿ, ಮೊಟ್ಟೆಗಳ ಹಿಂದೆ ಟಾರ್ಚು ಹಿಡಿದೆವು. ಐದು ಬರಿದಾಗಿದ್ದವು. ಎರಡರಲ್ಲಿ ರಕ್ತದ ಉಂಗುರವೊಂದು ನಿಂತಿತ್ತು. ಮೊಳೆತ ಜೀವ ಅಲ್ಲಿಗೇ ಆರಿತ್ತು. ಉಳಿದ ಹದಿನೇಳರಲ್ಲಿ ಜೇಡನ ಬಲೆಯಂತೆ ಹರಡಿದ ಕೆಂಪು ನರಗಳು, ನಡುವೆ ಮಿಸುಕುವ ಒಂದು ಕಪ್ಪು ಚುಕ್ಕೆ. ಮೊಮ್ಮಗಳು ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಹದಿನೈದನೆಯ ರಾತ್ರಿ ಗುಡುಗು ಮಳೆ, ವಿದ್ಯುತ್ತು ಹೋಯಿತು. ಪೆಟ್ಟಿಗೆಗೆ ಕಂಬಳಿ ಹೊದಿಸಿ ಮೂರು ಗಂಟೆ ಕಾಲ ಪಕ್ಕದಲ್ಲೇ ಕೂತೆ. ಹೇಂಟೆಯೂ ದಿನಕ್ಕೊಮ್ಮೆ ಮೇವಿಗೆ ಏಳುತ್ತದೆ, ಅಷ್ಟು ಹೊತ್ತಿನ ತಂಪು ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಅತಿಯಾದ ಬಿಸಿಯೇ ಹೆಚ್ಚು ಅಪಾಯ ಎಂದೆಲ್ಲ ಓದಿಕೊಂಡಿದ್ದೆ. ಆದರೂ ಯಾರೂ ನೋಡದಂತೆ ಒಂದು ಕಬ್ಬಿಣದ ಮೊಳೆಯನ್ನು ಪೆಟ್ಟಿಗೆಯ ಮೇಲಿಟ್ಟೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹದಿನೆಂಟನೆಯ ದಿನದಿಂದ ಹೊರಳಿಸುವಂತಿಲ್ಲ. ನೀರಿನ ತಟ್ಟೆ ತುಂಬಿಸಿ ತೇವ ಹೆಚ್ಚಿಸಿ, ಮುಚ್ಚಳ ತೆರೆಯದೆ ಕಾಯಬೇಕು. ಇಪ್ಪತ್ತನೆಯ ದಿನ ಚಿಪ್ಪಿನೊಳಗಿನಿಂದಲೇ ಕೂಗು ಕೇಳಿಸಿತು. ಮರಿ ಮೊದಲು ಮೊಟ್ಟೆಯ ದಪ್ಪ ತುದಿಯ ಗಾಳಿಯ ಗೂಡಿಗೆ ಕೊಕ್ಕು ತೂರಿಸಿ ಉಸಿರೆಳೆಯುತ್ತದೆ. ಆಮೇಲೆ ಕೊಕ್ಕಿನ ತುದಿಯ ಮುಳ್ಳಿನಂಥ ಮೊನೆಯಿಂದ ಚಿಪ್ಪಿಗೆ ಸಣ್ಣ ಬಿರುಕು ಕೊಡುತ್ತದೆ. ಅನಂತರ ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ, ಏನನ್ನೂ ಮಾಡುವಂತೆ ಕಾಣುವುದಿಲ್ಲ. ಆಗಲೇ ಅದು ಪೊರೆಯ ನರಗಳಲ್ಲಿ ಉಳಿದ ರಕ್ತವನ್ನೂ ಮಿಕ್ಕ ಹಳದಿಯನ್ನೂ ಒಡಲೊಳಗೆ ಸೆಳೆದುಕೊಳ್ಳುತ್ತಿರುತ್ತದೆ.

ಇದನ್ನು ನಾನು ತಿಳಿದದ್ದು ತಡವಾಗಿ. ಇಪ್ಪತ್ತೊಂದನೆಯ ದಿನ ಹದಿಮೂರು ಮರಿಗಳು ಹೊರಬಂದು ಮೈ ಆರಿಸಿಕೊಳ್ಳುತ್ತಿದ್ದವು. ಒಂದು ಮೊಟ್ಟೆ ಮಾತ್ರ ಬಿರುಕುಬಿಟ್ಟು ಒಂಬತ್ತು ಗಂಟೆಯಾದರೂ ಹಾಗೆಯೇ ಇತ್ತು. ಒಳಗಿನ ಕೂಗು ಕ್ಷೀಣಿಸಿತೆಂದು ನನಗೆ ತೋರಿತು. "ಬೇಡ ತಾತ" ಎಂದಳು ಮೊಮ್ಮಗಳು. ತರಗತಿಯಲ್ಲಿ ಹುಡುಗನೊಬ್ಬ ಉತ್ತರಕ್ಕೆ ತಡವರಿಸಿದರೆ ಅವನ ವಾಕ್ಯವನ್ನು ನಾನೇ ಮುಗಿಸಿಬಿಡುವುದು ನನ್ನ ಹಳೆಯ ಚಾಳಿ. ಚಿಮಟ ತಂದು ಚಿಪ್ಪು ಬಿಡಿಸಿದೆ, ಪೊರೆ ಹರಿಯಿತು. ಹರಿದ ಕಡೆ ರಕ್ತ ಜಿನುಗತೊಡಗಿ ನಿಲ್ಲಲೇ ಇಲ್ಲ. ಅರ್ಧ ಗಂಟೆಯಲ್ಲಿ ಮರಿ ಅಂಗೈಯಲ್ಲೇ ತಣ್ಣಗಾಯಿತು.

ಇನ್ನು ಮೂರು ಒಡೆಯಲೇ ಇಲ್ಲ. ಅವು ತಾವಾಗಿ ಹೋದವು. ಅವುಗಳ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ. ಮೊಟ್ಟೆ ಕೊಟ್ಟ ಹೆಂಗಸಿಗೆ ನಡೆದುದನ್ನು ಹೇಳಿದೆ. ಬೈಯಲಿಲ್ಲ. "ನಮ್ಮ ಕೋಳಿ ಅದರ ಮೇಲೆ ಸುಮ್ಮನೆ ಕೂತಿರ್ತದೆ ಮೇಷ್ಟ್ರೇ, ಅಷ್ಟೇ" ಎಂದಳು.

ಈಗ ಎರಡನೆಯ ಸಲ ಮೊಟ್ಟೆಯಿಟ್ಟಿದ್ದೇವೆ. ಇಂದಿಗೆ ಹನ್ನೊಂದನೆಯ ದಿನ. ಮಗ್ಗುಲು ಹೊರಳಿಸುವ ಕೆಲಸ ನನ್ನದೇ. ಚಿಮಟವನ್ನು ಮೊಮ್ಮಗಳು ಎಲ್ಲಿ ಇಟ್ಟಿದ್ದಾಳೆಂದು ನಾನು ಕೇಳಿಲ್ಲ.