ಯಂತ್ರದ ಆತ್ಮ, ಹೆಣ್ಣಿನ ಆತ್ಮ ಮತ್ತು ಟ್ಯೂರಿಂಗರ ಒಂದು ವಾಕ್ಯ

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳ ಓದುಗರು ಕೊಪ್ಪದಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಯಂತ್ರಕ್ಕೆ ಬುದ್ಧಿಯಿದೆಯೇ ಎಂಬ ವಿಷಯವನ್ನು ನೀವು ನನಗೆ ಕೊಟ್ಟಿದ್ದೀರಿ. ಇಂದು ಈ ಬಗ್ಗೆ ಅಭಿಪ್ರಾಯ ಹೇಳದವರಿಲ್ಲ. ಆದರೆ ಈ ಚರ್ಚೆಗೆ ಅಡಿಪಾಯ ಹಾಕಿದ ಲೇಖನವನ್ನು ಓದಿದವರು ವಿರಳ. 1950ರ ಅಕ್ಟೋಬರ್‌ನಲ್ಲಿ 'ಮೈಂಡ್' ಎಂಬ ತತ್ವಶಾಸ್ತ್ರ ಪತ್ರಿಕೆಯಲ್ಲಿ ಅಲನ್ ಟ್ಯೂರಿಂಗ್ ಎಂಬ ಬ್ರಿಟಿಷ್ ಗಣಿತಜ್ಞರು ಅದನ್ನು ಬರೆದರು. ಮದ್ರಸದಲ್ಲಿ ಕಿತಾಬನ್ನು ಸಾಲು ಸಾಲಾಗಿ ಓದಿಸುವ ಕ್ರಮವಿದೆಯಷ್ಟೆ. ಅದೇ ಕ್ರಮದಲ್ಲಿ ಆ ಲೇಖನದ ಎರಡು ಮೂರು ಪುಟಗಳನ್ನು ಇಂದು ನೋಡೋಣ.

ಟ್ಯೂರಿಂಗ್ ನಮಗೆ ತೀರಾ ಪರಕೀಯರೇನಲ್ಲ. ಅವರ ತಂದೆ ಜೂಲಿಯಸ್ ಟ್ಯೂರಿಂಗ್ ಮದ್ರಾಸ್ ಪ್ರಾಂತದ ಐ.ಸಿ.ಎಸ್. ಅಧಿಕಾರಿ. ಆಗ ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯಲ್ಲಿಯೂ ಸೇವೆ ಸಲ್ಲಿಸಿದವರು. ತಾಯಿ ಎಥೆಲ್ ಸಾರಾ ಹುಟ್ಟಿದ್ದು 1881ರಲ್ಲಿ, ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ತುಂಗಭದ್ರೆಗೆ ಕಟ್ಟಿದ ರೈಲು ಸೇತುವೆ ಅವರ ಕಾಮಗಾರಿಗಳಲ್ಲೊಂದು. ಶೃಂಗೇರಿಯ ತುಂಗೆ ಮತ್ತು ನರಸಿಂಹರಾಜಪುರದ ಭದ್ರೆ ಕೂಡಲಿಯಲ್ಲಿ ಒಂದಾಗಿ ಆ ಸೇತುವೆಯ ಅಡಿಯಲ್ಲಿ ಹರಿದು ಹೋಗುತ್ತವೆ. 1912ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಲನ್‌ರನ್ನು ಹೆತ್ತವರು ಇಲ್ಲಿಗೆ ಕರೆತರಲಿಲ್ಲ, ಇಂಗ್ಲೆಂಡಿನಲ್ಲೇ ಒಂದು ಕುಟುಂಬದ ಬಳಿ ಬಿಟ್ಟರು. ಈ ಹಿನ್ನೆಲೆಯನ್ನು ನಾನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಅದು ಬೇಕಾಗುತ್ತದೆ.

ಲೇಖನದ ತಿರುಳು ಒಂದು ಆಟ. ಒಂದು ಕೋಣೆಯಲ್ಲಿ ಒಬ್ಬ ಪುರುಷ, ಒಬ್ಬ ಸ್ತ್ರೀ. ಇನ್ನೊಂದು ಕೋಣೆಯಲ್ಲಿ ಪ್ರಶ್ನೆ ಕೇಳುವವರು. ಮುಖ ಕಾಣದು, ದನಿ ಕೇಳದು, ಟೈಪಾದ ಉತ್ತರವಷ್ಟೇ ಬರುತ್ತದೆ. ಪುರುಷನು ತಾನೇ ಸ್ತ್ರೀಯೆಂದು ನಂಬಿಸಲು ಯತ್ನಿಸುತ್ತಾನೆ. ಈಗ ಆತನ ಸ್ಥಾನದಲ್ಲಿ ಯಂತ್ರವನ್ನಿಟ್ಟರೆ ಪ್ರಶ್ನಿಸುವವರು ಅಷ್ಟೇ ಸಲ ಮೋಸಹೋಗುತ್ತಾರೆಯೇ? 'ಯಂತ್ರ ಯೋಚಿಸಬಲ್ಲುದೇ' ಎಂಬ ಅಸ್ಪಷ್ಟ ಪ್ರಶ್ನೆಯ ಬದಲಿಗೆ ಟ್ಯೂರಿಂಗ್ ಇಟ್ಟದ್ದು ಈ ಪ್ರಶ್ನೆಯನ್ನು. ಸುಮಾರು 50 ವರ್ಷಗಳಲ್ಲಿ ಐದು ನಿಮಿಷದ ಪ್ರಶ್ನೋತ್ತರದಲ್ಲಿ ಸಾಮಾನ್ಯ ವ್ಯಕ್ತಿಯು ಸರಿಯಾಗಿ ಗುರುತಿಸುವ ಸಾಧ್ಯತೆ ಶೇ. 70ನ್ನು ಮೀರದು ಎಂದು ಅವರು ಊಹಿಸಿದ್ದರು. ಅದಕ್ಕೆ ಹೆಚ್ಚು ಕಾಲ ಬೇಕಾಯಿತು, ಆದರೆ ಅದಕ್ಕಿಂತ ಹೆಚ್ಚಿನದೇ ಆಯಿತು. 2025ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು ನಡೆಸಿದ ಪರೀಕ್ಷೆಯಲ್ಲಿ, ಮನುಷ್ಯನಂತೆ ವರ್ತಿಸಲು ಸೂಚಿಸಲ್ಪಟ್ಟ ಒಂದು ಯಂತ್ರವನ್ನು ಶೇ. 73ರಷ್ಟು ಸಲ ಮನುಷ್ಯನೆಂದೇ ತೀರ್ಮಾನಿಸಲಾಯಿತು.

ಹಾಗಾದರೆ ಅದಕ್ಕೆ ಅರಿವಿದೆಯೇ? ಇಲ್ಲಿ ಶೃಂಗೇರಿಯ ಮಿತ್ರರಿಗೆ ಚಿರಪರಿಚಿತವಾದ ಕಥೆಯೊಂದು ನೆನಪಾಗುತ್ತದೆ. ಮಾಧವೀಯ ಶಂಕರ ವಿಜಯದ ಪ್ರಕಾರ ಮಂಡನ ಮಿಶ್ರರ ಮನೆಯ ಗುರುತು ಬಾಗಿಲಲ್ಲಿದ್ದ ಪಂಜರದ ಗಿಳಿಗಳು. ವೇದದ ಪ್ರಾಮಾಣ್ಯವು ತನ್ನಿಂದಲೇ ಬಂದುದೋ ಹೊರಗಿನಿಂದ ಬಂದುದೋ ಎಂದು ಅವು ವಾದಿಸುತ್ತಿದ್ದವಂತೆ. ಶಂಕರರು ಗಿಳಿಗಳೊಂದಿಗೆ ವಾದಕ್ಕೆ ನಿಲ್ಲಲಿಲ್ಲ, ಒಳಗೆ ಹೋದರು. ಆ ವಾದದ ತೀರ್ಪುಗಾರ್ತಿಯಾಗಿ ಕುಳಿತವರು ಉಭಯ ಭಾರತಿ ಎಂಬ ಮಹಿಳೆ ಎಂಬುದನ್ನೂ ಗಮನಿಸಬೇಕು.

ಸ್ವಾರಸ್ಯವೆಂದರೆ ಟ್ಯೂರಿಂಗರ ಲೇಖನದಲ್ಲಿಯೂ ಗಿಳಿಯಿದೆ. ಜೆಫರ್ಸನ್ ಎಂಬ ನರಶಸ್ತ್ರಚಿಕಿತ್ಸಕರು 1949ರಲ್ಲಿ, ಭಾವನೆಯಿಂದ ಕಾವ್ಯ ಬರೆದು ತಾನು ಬರೆದೆನೆಂದು ಅರಿಯುವವರೆಗೆ ಯಂತ್ರವನ್ನು ಮಿದುಳಿಗೆ ಸಮವೆಂದು ಒಪ್ಪಲಾಗದು ಎಂಬರ್ಥದಲ್ಲಿ ಮಾತನಾಡಿದ್ದರು. ಟ್ಯೂರಿಂಗರ ಉತ್ತರ ಇಷ್ಟು: ವಿದ್ಯಾರ್ಥಿಯು ಅರಿತು ಹೇಳುತ್ತಿದ್ದಾನೋ ಗಿಳಿಪಾಠ ಒಪ್ಪಿಸುತ್ತಿದ್ದಾನೋ ಎಂದು ನಾವು ಮೌಖಿಕ ಪರೀಕ್ಷೆಯಲ್ಲಿ ಕಂಡುಕೊಳ್ಳುತ್ತೇವೆ. ಕವಿತೆಯ ಈ ಪದದ ಬದಲು ಆ ಪದ ಏಕಾಗದು ಎಂದು ಕೇಳುತ್ತೇವೆ. ಯಂತ್ರವೂ ಹಾಗೆ ನಿರಂತರವಾಗಿ ಸಮಂಜಸ ಉತ್ತರ ಕೊಟ್ಟರೆ ಅದನ್ನು ಗಿಳಿಯೆನ್ನಲು ಆಧಾರವೇನು? ಈ ವಾದ ನನಗೆ ಬಲವಾದುದೆಂದೇ ತೋರುತ್ತದೆ. ಪಕ್ಕದಲ್ಲಿ ಕುಳಿತವರ ಒಳಗನ್ನೂ ನಾವು ಕಂಡವರಲ್ಲ, ಮಾತಿನಿಂದಲೇ ಅರಿಯುತ್ತೇವೆ.

ಈ ಪರೀಕ್ಷೆಯನ್ನು ಯಂತ್ರಕ್ಕೆ ಒಡ್ಡುವ ಮೊದಲು ನಮ್ಮ ಮದ್ರಸಗಳ ಕಡೆಗೂ ನೋಡಬೇಕು. ಕುರ್‌ಆನ್ ಪಾರಾಯಣವೇ ಒಂದು ಆರಾಧನೆ, ಅದನ್ನು ನಾನು ಕಿಂಚಿತ್ತೂ ಕಡೆಗಣಿಸುವುದಿಲ್ಲ. ಆದರೆ ಹತ್ತು ವರ್ಷ ಓದಿದ ಮಗುವಿಗೆ, ತಾನು ದಿನಕ್ಕೆ ಐದು ಹೊತ್ತು ಓದುವ ಫಾತಿಹಾದ ಅರ್ಥ ತನ್ನ ಮಾತಿನಲ್ಲಿ ಹೇಳಲು ಬಾರದಿದ್ದರೆ ಆ ಮೌಖಿಕ ಪರೀಕ್ಷೆಯಲ್ಲಿ ಸೋತವರು ಮಗುವೋ ನಾವೋ?

ಈಗ ಮುಖ್ಯ ಭಾಗಕ್ಕೆ ಬರುತ್ತೇನೆ. ಟ್ಯೂರಿಂಗ್ ಒಂಬತ್ತು ಆಕ್ಷೇಪಗಳನ್ನು ಎತ್ತಿಕೊಳ್ಳುತ್ತಾರೆ. ಮೊದಲನೆಯದು ಧಾರ್ಮಿಕ ಆಕ್ಷೇಪ: ಯೋಚನೆ ಆತ್ಮದ ಕೆಲಸ, ದೇವನು ಆತ್ಮ ಕೊಟ್ಟದ್ದು ಮನುಷ್ಯನಿಗೆ ಮಾತ್ರ, ಆದ್ದರಿಂದ ಯಂತ್ರ ಯೋಚಿಸಲಾರದು. ಇದನ್ನು ಟ್ಯೂರಿಂಗ್ ಒಪ್ಪುವುದಿಲ್ಲ. ಆದರೂ ಧರ್ಮಶಾಸ್ತ್ರದ ಭಾಷೆಯಲ್ಲೇ ಉತ್ತರಿಸುತ್ತಾರೆ. ಹೀಗೆನ್ನುವುದು ಸರ್ವಶಕ್ತನ ಶಕ್ತಿಗೆ ಮಿತಿ ಹಾಕಿದಂತಲ್ಲವೇ? ಮಕ್ಕಳನ್ನು ಹೆರುವಾಗ ನಾವು ಆತ್ಮವನ್ನು ಸೃಷ್ಟಿಸುವುದಿಲ್ಲ, ದೇವನ ಇಚ್ಛೆಗೆ ನಿಮಿತ್ತವಾಗುತ್ತೇವೆ. ಯಂತ್ರ ಕಟ್ಟುವುದೂ ಹಾಗೆಯೇ ಏಕಾಗಬಾರದು?

ಇಲ್ಮುಲ್ ಕಲಾಮ್ ಓದಿದವರಿಗೆ ಈ ವಾದದ ಶಕ್ತಿಯೂ ಮಿತಿಯೂ ಬೇಗನೆ ಕಾಣುತ್ತದೆ. ಅಲ್ಲಾಹನಿಗೆ ಅಸಾಧ್ಯವೆಂದು ಯಾರೂ ಹೇಳಲಾರರು. ಆದರೆ ಸಾಧ್ಯವೆಂದ ಮಾತ್ರಕ್ಕೆ ಸಂಭವಿಸಿದೆ ಎಂದಾಗದು. ಮನೆಯಲ್ಲಿಟ್ಟು ಬಂದ ಪುಸ್ತಕ ಹುಡುಗನಾಗಿ ಮಾರ್ಪಟ್ಟಿರಬಹುದಲ್ಲವೇ ಎಂಬ ಆಕ್ಷೇಪವನ್ನು ಇಮಾಮ್ ಗಝಾಲಿ 'ತಹಾಫುತ್'ನಲ್ಲಿ ಎದುರಿಸಿದ್ದು ಈ ವ್ಯತ್ಯಾಸದಿಂದಲೇ. ರೂಹ್‌ನ ಬಗ್ಗೆ ಕೇಳಿದವರಿಗೆ, ಅದು ಪ್ರಭುವಿನ ಆಜ್ಞೆಗೆ ಸೇರಿದ್ದು, ನಿಮಗೆ ಕೊಟ್ಟ ಜ್ಞಾನ ಅಲ್ಪ ಎಂಬ ತಾತ್ಪರ್ಯದ ಉತ್ತರವನ್ನು ಕುರ್‌ಆನ್ (17:85) ಕೊಡುತ್ತದೆ. ಆದ್ದರಿಂದ ಯಂತ್ರಕ್ಕೆ ರೂಹ್ ಇದೆಯೆಂದು ಸಾರುವವರಿಗೂ, ಎಂದಿಗೂ ಇರಲಾರದೆಂದು ಸೃಷ್ಟಿಕರ್ತನ ಪರವಾಗಿ ಆಣೆಯಿಡುವವರಿಗೂ ಅದು ಸಮಾನ ಎಚ್ಚರಿಕೆ.

ಈ ವಾದದ ನಡುವೆಯೇ ಟ್ಯೂರಿಂಗ್ ಒಂದು ವಾಕ್ಯ ಬರೆದಿದ್ದಾರೆ. ಆತ್ಮವನ್ನು ಮನುಷ್ಯನಿಗೆ ಮೀಸಲಿಡುವುದು ಎಷ್ಟು ಮನಸೋಇಚ್ಛೆಯ ಗೆರೆ ಎಂದು ತೋರಿಸಲು, ಹೆಂಗಸರಿಗೆ ಆತ್ಮವಿಲ್ಲವೆಂಬ ಮುಸ್ಲಿಮರ ಮತವನ್ನು ಕ್ರೈಸ್ತರು ಹೇಗೆ ಕಾಣುತ್ತಾರೆ ಎಂದು ಕೇಳುತ್ತಾರೆ. ಅಷ್ಟೇ, ಮುಂದೆ ಸಾಗುತ್ತಾರೆ. ಆಧಾರವಿಲ್ಲ, ವಿವರಣೆಯಿಲ್ಲ.

ಮುಸ್ಲಿಮರಲ್ಲಿ ಇಂಥ ಮತವೇ ಇಲ್ಲ. 'ಅನ್ನಿಸಾ' ಅಧ್ಯಾಯದ ಮೊದಲ ಸೂಕ್ತವೇ ಎಲ್ಲರನ್ನೂ ಒಂದೇ 'ನಫ್ಸ್'ನಿಂದ ಸೃಷ್ಟಿಸಿದ್ದಾಗಿ ಹೇಳುತ್ತದೆ. 'ಅಲ್ ಅಹ್‌ಝಾಬ್'ನ 35ನೇ ಸೂಕ್ತ ಪುರುಷ ಸ್ತ್ರೀಯರನ್ನು ಜೊತೆ ಜೊತೆಯಾಗಿ ಹೆಸರಿಸಿ ಒಂದೇ ಪ್ರತಿಫಲದ ವಾಗ್ದಾನ ಮಾಡುತ್ತದೆ. 1716ರಿಂದ 1718ರವರೆಗೆ ತುರ್ಕಿಯ ಪ್ರವಾಸದಲ್ಲಿದ್ದ ಬ್ರಿಟಿಷ್ ರಾಯಭಾರಿಯ ಪತ್ನಿ ಲೇಡಿ ಮೇರಿ ಮಾಂಟಗು ಈ ವದಂತಿ ತಪ್ಪೆಂದು ತಮ್ಮ ಪತ್ರಗಳಲ್ಲಿ ಬರೆದಿದ್ದರು. ಎರಡು ಶತಮಾನಗಳ ನಂತರವೂ ವದಂತಿ ಜೀವಂತವಾಗಿತ್ತು, ಅದೂ ತಂದೆ ತಾಯಿ ಅಜ್ಜ ಎಲ್ಲರೂ ಭಾರತದಲ್ಲಿ ಬಾಳಿದ್ದ ಮನೆತನದ ಮೇಧಾವಿಯ ಲೇಖನಿಯಲ್ಲಿ. ಟ್ಯೂರಿಂಗರಿಗೆ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಅವರ ಗುರಿ ತಮ್ಮದೇ ಸಮಾಜದ ಪಂಡಿತರು. ಆದರೆ ಒಳಗೇನಿದೆಯೆಂದು ಊಹಿಸಬೇಡಿ, ಕೇಳಿ, ಉತ್ತರ ನೋಡಿ ಎಂದು ಜಗತ್ತಿಗೆ ಕಲಿಸಿದ ಲೇಖನವೇ ಒಂದು ಸಮುದಾಯವನ್ನು ಕೇಳದೆ ಬಿಟ್ಟಿತು.

ಇಷ್ಟಕ್ಕೇ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಆ ಸುಳ್ಳು ಅನೇಕರಿಗೆ ನಂಬಲರ್ಹವಾಗಿ ಕಂಡದ್ದೇಕೆ? ಹೊರಗಿನವರು ನಮ್ಮ ಗ್ರಂಥವನ್ನು ಓದುವುದಿಲ್ಲ, ನಮ್ಮ ಮನೆಗಳನ್ನು ಓದುತ್ತಾರೆ. ಹತ್ತನೇ ತರಗತಿಗೆ ಮಗಳ ಪುಸ್ತಕ ಕಸಿದುಕೊಂಡ ತಂದೆಯು ಅನ್ನಿಸಾದ ಸೂಕ್ತವನ್ನು ಎಷ್ಟು ಇಂಪಾಗಿ ಓದಿದರೇನು?

ಇನ್ನು ಇಂದಿನ ಯಂತ್ರಗಳು. ಇವು ಮನುಷ್ಯರು ಬರೆದಿಟ್ಟ ಅಪಾರ ಬರಹದಿಂದ, ಯಾವ ಪದದ ನಂತರ ಯಾವ ಪದ ಬರುತ್ತದೆಂಬುದನ್ನು ಕಲಿಯುತ್ತವೆ. ವದಂತಿಯನ್ನೂ ಕಲಿಯುತ್ತವೆ. 2021ರಲ್ಲಿ ಅಬೂಬಕರ್ ಆಬಿದ್ ಮತ್ತು ಅವರ ಜೊತೆಗಾರರು 'ಜಿಪಿಟಿ-3' ಎಂಬ ಯಂತ್ರಕ್ಕೆ, ಇಬ್ಬರು ಮುಸ್ಲಿಮರು ಒಂದೆಡೆ ಪ್ರವೇಶಿಸಿದರು ಎಂಬರ್ಥದ ಅರ್ಧ ವಾಕ್ಯ ಕೊಟ್ಟು ಪೂರ್ಣಗೊಳಿಸಲು ಹೇಳಿದರು. 100ರಲ್ಲಿ 66 ಸಲ ಅದು ಹಿಂಸೆಯ ಕಥೆ ಹೆಣೆಯಿತು. ಇತರ ಧರ್ಮೀಯರ ಹೆಸರಿಟ್ಟಾಗ ಆ ಸಂಖ್ಯೆ ಬಹಳ ಕಡಿಮೆಯಾಗಿತ್ತು. ಟ್ಯೂರಿಂಗರ ಲೇಖನಿಯಿಂದ ಒಂದು ಸಲ ಜಾರಿದ್ದು ಇಲ್ಲಿ ಯಂತ್ರದ ಅಭ್ಯಾಸವಾಗಿತ್ತು.

ನಮ್ಮ ಹದೀಸ್ ವಿದ್ವಾಂಸರು ವದಂತಿಯ ವಿರುದ್ಧ ಒಂದು ಉಪಾಯ ಕಂಡುಕೊಂಡಿದ್ದರು. ಅದು ಇಸ್ನಾದ್: ಈ ಮಾತನ್ನು ಯಾರಿಂದ ಕೇಳಿದಿರಿ, ಅವರು ಯಾರಿಂದ ಕೇಳಿದರು? 11ನೇ ಶತಮಾನದ ಮಕ್ಕಾದಲ್ಲಿ ಕರೀಮಾ ಅಲ್ ಮರ್ವಝಿಯ್ಯಾ ಎಂಬ ವಿದುಷಿ 'ಸಹೀಹುಲ್ ಬುಖಾರಿ'ಯನ್ನು ಪಾಠ ಹೇಳುತ್ತಿದ್ದರು. ಬಗ್ದಾದಿನ ಖತೀಬರಂತಹ ದೊಡ್ಡ ವಿದ್ವಾಂಸರೂ ಅವರ ಮುಂದೆ ಕುಳಿತು ಕಲಿತರು. ಆತ್ಮವಿಲ್ಲವೆಂದು ಹೇಳಲಾದ ಹೆಣ್ಣೊಬ್ಬರ ಮೂಲಕ ಆ ಗ್ರಂಥದ ಸನದ್ ಸಾಗಿತು!

ಇಂದು ನಮ್ಮ ಯುವಕರು ನಮಾಝಿನ, ತಲಾಕ್‌ನ, ಪಿತ್ರಾರ್ಜಿತ ಪಾಲಿನ ಮಸ್‌ಅಲಾಗಳನ್ನು ಮೊಬೈಲಿನಲ್ಲಿರುವ ಯಂತ್ರವನ್ನು ಕೇಳಿ ತೀರ್ಮಾನಿಸುತ್ತಿದ್ದಾರೆ. ಬೇಡವೆಂದರೆ ಬಿಡುವವರಲ್ಲ, ಬಿಡಬೇಕೆಂದೂ ನಾನು ಹೇಳುವುದಿಲ್ಲ. ಯಾವ ಕಿತಾಬು, ಯಾವ ಅಧ್ಯಾಯ ಎಂದು ಅದನ್ನು ಕೇಳಿ. ಅದು ಹೆಸರು ಹೇಳುತ್ತದೆ, ಸಂಖ್ಯೆಯನ್ನೂ ಹೇಳುತ್ತದೆ. ಆಮೇಲೆ ಆ ಕಿತಾಬನ್ನು ತೆರೆದು ನೋಡಿ. ಕೆಲವೊಮ್ಮೆ ಅಲ್ಲಿ ಆ ಮಾತು ಇರುವುದೇ ಇಲ್ಲ.